ಮೂರನೆಯ ಸಂಪುಟ

ನಾರಿಚ್ ಊರು. ಸಾವಿರದ ಎಂಟುನೂರ ಹತ್ತೊಂಬತ್ತರ ಚಳಿ.
ವೆನ್ಸಮ್ ನದಿಯ ಮೇಲೆ ಹಾಲಿನ ಕೆನೆಯಷ್ಟು ಹಿಮ.
ಕೆಜಾಯ ಥರ್ಕೆಟಲ್ ಅಂಟು ಕಾಯಿಸುತ್ತಿದ್ದಳು.
ಅಪ್ಪ ತೀರಿ ಏಳು ವರ್ಷ; ಅಂಗಡಿಯ ಹಲಗೆಯಲ್ಲಿ ಇನ್ನೂ ಅಪ್ಪನದೇ ಹೆಸರು.
ಹೆಂಗಸು ಹೊಲಿದ ಪುಸ್ತಕ ಬಿಚ್ಚಿಕೊಳ್ಳುತ್ತದೆಂದು
ಪಾದ್ರಿಗಳ ನಂಬಿಕೆ.
ಅವರ ಕೈಯ ಬೈಬಲ್ಲುಗಳೆಲ್ಲ ಅವಳದೇ ಹೊಲಿಗೆ.

ಮೂವತ್ತೊಂದು ವಯಸ್ಸು. ಎಡಗೈಗೆ ನಾಲ್ಕೇ ಬೆರಳು.
ಹಾಳೆಯಂಚು ಸವರುವ ಅಲಗು ಒಂದನ್ನು ತಿಂದಿತ್ತು,
ಅದೂ ಉಂಗುರದ ಬೆರಳನ್ನೇ.
"ಹೋಗಲಿ, ಕೇಳುವವರಿಗೆ ಒಂದು ಪ್ರಶ್ನೆ ಕಡಿಮೆ"
ಎನ್ನುತ್ತಿದ್ದಳು, ನಗದೆ.

ಬಾಡಿಗೆ ಪುಸ್ತಕದ ಪುಲ್ಹಮ್ ಬಂದ,
ಹರಳೆಣ್ಣೆ ಕುಡಿದ ಮುಖ, ಕಂಕುಳಲ್ಲಿ ಆರು ಪುಸ್ತಕ.
"ಯಾರೋ ಕೊನೆಯ ಹಾಳೆ ಕೊಯ್ಯುತ್ತಿದ್ದಾರೆ.
ಎಲ್ಲ ಮೂರನೆಯ ಸಂಪುಟ, ಎಲ್ಲ ಪ್ರೇಮಕಥೆ.
ಡ್ಯೂಕ್ ಮಂಡಿಯೂರುತ್ತಾನೆ, ಅವಳು ಬಾಯಿ ತೆರೆಯುತ್ತಾಳೆ,
ಅಷ್ಟೇ! ಮುಂದೆ ಬರೀ ರಟ್ಟು.
ಕಸ ಗುಡಿಸುವ ಡಾರ್ಕಸ್‌ಳದೇ ಕೆಲಸ. ಪೇದೆಗೆ ಹೇಳಿದ್ದೇನೆ."

"ಡಾರ್ಕಸ್‌ಗೆ ಓದು ಬರುತ್ತದೆಯೆ?"
"ಬರುವುದಿಲ್ಲ."
"ಮತ್ತೆ ಕೊನೆ ಯಾವುದೆಂದು ಹೇಗೆ ಗೊತ್ತಾಯಿತು?"
ಪುಲ್ಹಮ್ ತನ್ನ ಟೊಪ್ಪಿಯ ಒಳಗನ್ನು ನೋಡಿದ.

ರಾತ್ರಿ, ಮೇಣದ ಬೆಳಕು. ಗಾಯವನ್ನು ಮೂಸಿದಳು, ಸವರಿದಳು.
ಹೊಲಿಗೆಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೊಯ್ದಿದೆ ಕೈ;
ದಾರಕ್ಕೆ ನೋವಾಗದಂತೆ.
ಮೇಲಿನಿಂದ ನೇರ ಇಳಿದ ಗೆರೆ
ಬುಡದಲ್ಲಿ ಮಾತ್ರ ಸ್ವಲ್ಪ ಒಳಕ್ಕೆ ಹೊರಳುತ್ತದೆ,
ಆರರಲ್ಲೂ ಅದೇ ಹೊರಳು.
ಇದು ಕತ್ತಿಯದಲ್ಲ, ಮಣಿಕಟ್ಟಿನದು,
ಮುರಿದು, ಸೊಟ್ಟಗೆ ಕೂಡಿಕೊಂಡದ್ದು.

ಭಾನುವಾರ ಪ್ರಾರ್ಥನೆಯಲ್ಲಿ ಅವಳು ದೇವರನ್ನು ನೋಡಲಿಲ್ಲ.
ನೋಡಿದ್ದು ಮುನ್ನೂರು ಕೈ.

ಲೆಟಿಸ್ ಗರ್ಡನ್. ಮೂರು ಮದುವೆ, ಮೂರು ಗೋರಿ,
ಊರಲ್ಲೇ ಚೆಂದದ ಶಾಲು.
ಬಾಗಿಲು ತೆರೆದವಳೇ, ಕೇಳುವ ಮೊದಲೇ
ಹೊಲಿಗೆಪೆಟ್ಟಿಗೆ ತಂದು ಮುಂದಿಟ್ಟಳು.
ನಲವತ್ತೊಂದು ಹಾಳೆ, ಇಸ್ತ್ರಿ ಮಾಡಿಟ್ಟ ಕರವಸ್ತ್ರದ ಹಾಗೆ.

"ಮೊದಲನೆಯವನೂ ಮಂಡಿಯೂರಿದ್ದ ತಾಯಿ, ಥೇಟ್ ಹೀಗೇ.
ಈ ಕೈ ಅವನೇ ತಿರುಚಿದ್ದು, ನಾಲ್ಕನೆಯ ತಿಂಗಳು.
ಆ ಹಾಳೆ ಎಲ್ಲಾದರೂ ಇದ್ದೀತೆಂದು
ಪ್ರತಿ ಪುಸ್ತಕದಲ್ಲೂ ಹುಡುಕಿದೆ.
ಎಲ್ಲರೂ ಮದುವೆಗೆ ಬಂದು ಉಂಡು ಹೋಗುತ್ತಾರೆ,
ಪಾತ್ರೆ ತೊಳೆಯಲು ಯಾರೂ ಉಳಿಯುವುದಿಲ್ಲ."

ಕೆಜಾಯ ಚಹಾ ಕುಡಿದಳು. ಎರಡನೆಯ ಬಟ್ಟಲನ್ನೂ ಕುಡಿದಳು.

"ಇಲಿ" ಎಂದಳು ಪುಲ್ಹಮ್‌ಗೆ.
"ಇಲಿ ಇಷ್ಟು ನೇರ ಕೊಯ್ಯುತ್ತದೆಯೆ?"
"ನಾರಿಚ್ ಇಲಿಗಳು ಅಚ್ಚುಕಟ್ಟು."
ಡಾರ್ಕಸ್ ಪೊರಕೆ ಹಿಡಿದು ಮರಳಿದಳು,
ದಿನಕ್ಕೆ ಅರ್ಧ ಪೆನ್ನಿ ಹೆಚ್ಚಿಗೆ; ಅದು ಕೆಜಾಯಳ ಷರತ್ತು.

ಕೊಯ್ದ ಜಾಗದಲ್ಲೆಲ್ಲ ಒಂದೊಂದು ಖಾಲಿ ಹಾಳೆ ಹೊಲಿದು ಕಳಿಸಿದಳು.
ತಿಂಗಳೊಳಗೆ ಸೀಸದ ಕಡ್ಡಿಗಳು ಓಡಾಡಿದವು.
ಒಬ್ಬಳು "ಹೂಂ" ಎಂದಷ್ಟೇ ಬರೆದಳು, ಮೂರು ಸಲ ಅಳಿಸಿ.
ಇನ್ನೊಬ್ಬಳ ನಾಯಕಿ ಡ್ಯೂಕನ ಕುದುರೆ ಹತ್ತಿ ಲಿಸ್ಬನ್ನಿಗೆ ಹೋದಳು.
ಒಬ್ಬರು ಸಾಬೂನಿನ ಲೆಕ್ಕ ಬರೆದಿದ್ದರು.
ಗರ್ಡನ್ ಅಕ್ಷರ ಎಲ್ಲೂ ಇರಲಿಲ್ಲ;
ಆದರೆ ಒಂದು ಹಾಳೆಯ ಬುಡ ಒದ್ದೆಯಾಗಿ ಒಣಗಿತ್ತು.

ಪೇದೆ ಆಂಬ್ರೋಸ್ ಮಾಬ್ಸ್, ಕ್ಯಾನರಿ ಸಾಕುವವನು,
ಮಾತಿಗೆ ಮುಂಚೆ ಕಿವಿ ಕೆಂಪಾಗುವವನು,
ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟ.
"ನಾನೂ ಆ ಮಣಿಕಟ್ಟನ್ನು ನೋಡಿದ್ದೆ" ಎಂದ,
"ವರದಿಯಲ್ಲಿ ಇಲಿಯೆಂದೇ ಬರೆದೆ."
ಮತ್ತೇನೂ ಹೇಳದೆ ಹೋದ, ಮಂಡಿಯೂರದೆ.

ತೆರೆದಳು. ಖಾಲಿ ಹಾಳೆಯಲ್ಲಿ ಒಂದೇ ಸಾಲು, ಕಾಗುಣಿತ ತಪ್ಪಾಗಿ:
"ಅವಳು ಬಾಯಿ ತೆರೆದು ಏನಂದಳು?"

ಬೀದಿಯಲ್ಲಿ ಲಾಳದ ಸದ್ದು. ಅಂಟು ಕುದಿಯುತ್ತಿತ್ತು.
ನಾಲ್ಕು ಬೆರಳಲ್ಲಿ ಪುಸ್ತಕ ಮುಚ್ಚಿ, ಬೆನ್ನು ತಟ್ಟಿ,
ಒತ್ತುಹಲಗೆಯ ನಡುವೆ ಇಟ್ಟು ತಿರುಪು ಬಿಗಿದಳು.
ಹಿಡಿಯಲು ಎರಡು ದಿನ ಬೇಕು.
ಈ ಚಳಿಗೆ, ಮೂರು.